ಅಸಮತೆಯ ಎರಡು ಅರ್ಥಗಳು

ಒಂದೇ ಮಾತು ಎರಡು ಶಾಸ್ತ್ರಗಳಲ್ಲಿ ಪ್ರಯೋಗವಾದಾಗ ಅದರ ಅರ್ಥವೂ ಒಂದೇ ಎಂದು ಭಾವಿಸುವುದು ಸಹಜ. ‘ಅಸಮತೆ’ ಎಂಬುದು ಅಂಥ ಮಾತು. ಬೀಜಗಣಿತವನ್ನು ಓದುವ ವಿದ್ಯಾರ್ಥಿಗೆ ಅದು ಒಂದು ಚಿಹ್ನೆ. ಸಮಾಜವನ್ನು ಕುರಿತು ಚಿಂತಿಸುವವನಿಗೆ ಅದು ಒಂದು ವ್ಯಥೆ. ಈ ಎರಡು ಅರ್ಥಗಳು ಎಲ್ಲಿ ಅಗಲುತ್ತವೆ, ಎಲ್ಲಿ ಕೂಡುತ್ತವೆ ಎಂಬುದನ್ನು ನಾವು ಈಗ ಸ್ವಲ್ಪ ವಿಚಾರಮಾಡೋಣ.

ಚಿಹ್ನೆಗಳ ಚರಿತ್ರೆ ಬಹಳ ಹಳೆಯದಲ್ಲ. ಸಮತೆಯನ್ನು ಸೂಚಿಸುವ ಜೋಡಿಗೆರೆಯನ್ನು ೧೫೫೭ರಲ್ಲಿ ತನ್ನ ಗ್ರಂಥದಲ್ಲಿ ಅಚ್ಚುಮಾಡಿಸಿದವನು ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದ ವೈದ್ಯ. ಸಮಾನಾಂತರವಾದ ಎರಡು ಗೆರೆಗಳಿಗಿಂತ ಸಮವಾದ ವಸ್ತುಗಳು ಬೇರೆ ಇಲ್ಲವೆಂಬುದು ಅವನು ಕೊಟ್ಟ ಕಾರಣ. ಹೆಚ್ಚು ಕಡಮೆಗಳನ್ನು ತೋರಿಸುವ, ಬಾಣದ ಮೊನೆಯಂಥ ಚಿಹ್ನೆಗಳು ಬೆಳಕು ಕಂಡದ್ದು ೧೬೩೧ರಲ್ಲಿ, ಥಾಮಸ್ ಹ್ಯಾರಿಯಟ್ ಎಂಬ ಆಂಗ್ಲ ಪಂಡಿತನ ಗ್ರಂಥದಲ್ಲಿ. ಆತನು ತೀರಿಕೊಂಡು ಆಗಲೇ ಹತ್ತು ವರ್ಷಗಳಾಗಿದ್ದುವು.

ಎಂಟು ಮೂರಕ್ಕಿಂತ ಹೆಚ್ಚೆಂದು ಬರೆಯುವಾಗ ಗಣಿತಜ್ಞನು ಎಂಟನ್ನು ಹೊಗಳುವುದೂ ಇಲ್ಲ, ಮೂರನ್ನು ಹಳಿಯುವುದೂ ಇಲ್ಲ. ಸಮಾಜದಲ್ಲಾದರೋ ‘ಹೆಚ್ಚು’ ಎಂಬುದು ಬಲುಬೇಗ ‘ಮೇಲು’ ಆಗುತ್ತದೆ; ‘ಕಡಮೆ’ ಎಂಬುದು ‘ಕೀಳು’ ಆಗುತ್ತದೆ. ಒಬ್ಬನಲ್ಲಿ ಹಣವೋ ಅಕ್ಷರವೋ ಕಡಮೆಯಾಗಿದ್ದರೆ ಆತನ ಮನುಷ್ಯತ್ವವೇ ಕಡಮೆಯೆಂದು ಎಣಿಸುತ್ತೇವೆ. ಎರಡು ಅರ್ಥಗಳು ಅಗಲುವುದು ಇಲ್ಲಿ.

ಅವು ಕೂಡುವ ಸ್ಥಳವೂ ಒಂದುಂಟು. ಅಸಮವಾದವುಗಳಿಗೆ ಸಮವಾದವುಗಳನ್ನು ಕೂಡಿಸಿದರೆ ಮೊತ್ತಗಳು ಅಸಮವಾಗಿಯೇ ಉಳಿಯುತ್ತವೆ ಎಂಬುದು ರೇಖಾಗಣಿತದ ಹಳೆಯ ಸ್ವಯಂಸಿದ್ಧಗಳಲ್ಲಿ ಒಂದು. ಎಂಟಕ್ಕೂ ಮೂರಕ್ಕೂ ಐದೈದನ್ನು ಕೂಡಿಸಿದರೆ ಹದಿಮೂರು, ಎಂಟು ಆಗುತ್ತವೆ. ಮೊದಲಿದ್ದ ಐದರ ಅಂತರ ಹಾಗೆಯೇ ನಿಲ್ಲುತ್ತದೆ. ಎರಡನ್ನೂ ಇಮ್ಮಡಿ ಮಾಡಿದರೆ ಅಂತರವೂ ಇಮ್ಮಡಿಯಾಗುತ್ತದೆ. ಇಬ್ಬರಿಗೂ ಸಮನಾಗಿಯೇ ಕೊಟ್ಟೆವೆಂದು ಹೇಳುವವನು ಸುಳ್ಳಾಡುತ್ತಿಲ್ಲ. ಆದರೂ ಅಸಮತೆ ಅಳಿದಿಲ್ಲ.

ಈ ಲೆಕ್ಕವನ್ನು ಮೈಸೂರು ಸಂಸ್ಥಾನವೂ ಎದುರಿಸಬೇಕಾಯಿತು. ಸರ್ಕಾರದ ನೌಕರಿಯಲ್ಲಿ ಬ್ರಾಹ್ಮಣ ಸಮುದಾಯದವರೇ ಬಹುಪಾಲು ತುಂಬಿದ್ದರು. ವಿದ್ಯೆಯಲ್ಲಿ ಹಿಂದುಳಿದವರಿಗೆ ತೆರೆದ ಬಾಗಿಲೂ ದೂರವಾಗಿಯೇ ಇದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ೧೯೧೮ರಲ್ಲಿ, ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು, ಇತರ ಸಮುದಾಯಗಳಿಗೆ ದೊರೆಯಬೇಕೆಂದು ಅದು ೧೯೧೯ರಲ್ಲಿ ಸಲಹೆ ಮಾಡಿತು. ಅಂತರವನ್ನು ತಗ್ಗಿಸಬೇಕಾದರೆ ಕೂಡಿಸುವ ಸಂಖ್ಯೆಯೇ ಬೇರೆಯಾಗಬೇಕೆಂಬುದು ಇದರ ತಿರುಳು.

ಇದರಿಂದ ಅರ್ಹತೆಗೆ ಚ್ಯುತಿಯಾಗುವುದಿಲ್ಲವೇ ಎಂಬ ಆಕ್ಷೇಪಣೆ ಅಂದೇ ಹುಟ್ಟಿತು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅರ್ಹತೆಯನ್ನು ಅಳೆಯುವ ಪರೀಕ್ಷೆಯು ಇಂದು ಯಾರಲ್ಲಿ ಎಷ್ಟಿದೆಯೆಂಬುದನ್ನು ಹೇಳೀತೇ ಹೊರತು, ಒಬ್ಬನು ಎಂಟರಿಂದಲೂ ಇನ್ನೊಬ್ಬನು ಮೂರರಿಂದಲೂ ಏಕೆ ಹೊರಟರೆಂಬುದನ್ನು ಹೇಳಲಾರದು. ಆ ಪ್ರಶ್ನೆಗೆ ಉತ್ತರ ಕೊಡತಕ್ಕದ್ದು ಚರಿತ್ರೆ.

೧೯೪೯ರ ನವೆಂಬರ್ ೨೫ರಂದು ಡಾ. ಅಂಬೇಡ್ಕರ್ ಅವರು ಸಂವಿಧಾನ ಸಭೆಗೆ ಕೊಟ್ಟ ಎಚ್ಚರಿಕೆಯೂ ಇದೇ ಬಗೆಯದು: ರಾಜಕೀಯದಲ್ಲಿ ಪ್ರತಿಯೊಬ್ಬನ ಮತಕ್ಕೂ ಒಂದೇ ಬೆಲೆ ಬರಲಿದೆ, ಸಾಮಾಜಿಕ, ಆರ್ಥಿಕ ಜೀವನದಲ್ಲಿ ಮಾತ್ರ ಅಸಮತೆ ಉಳಿಯಲಿದೆ, ಈ ವಿರೋಧವನ್ನು ಬೇಗನೆ ನೀಗದಿದ್ದರೆ ಪ್ರಜಾಪ್ರಭುತ್ವವೇ ಅಪಾಯಕ್ಕೆ ಸಿಕ್ಕೀತೆಂದರು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೬ನೆಯ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಸಮಾನಾವಕಾಶವನ್ನು ಸಾರಿ, ಅಲ್ಲಿಯೇ ಹಿಂದುಳಿದ ವರ್ಗಗಳಿಗೆ ಮೀಸಲಿಗೂ ಎಡೆಮಾಡಿತು.

ಗಣಿತದ ಅಸಮತೆ ಇದ್ದದ್ದನ್ನು ಇದ್ದಂತೆ ತಿಳಿಸಿ ಸುಮ್ಮನಾಗುತ್ತದೆ. ಅದು ನ್ಯಾಯವೋ ಅನ್ಯಾಯವೋ ಎಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ಆ ಹೊಣೆ ನಮ್ಮದು. ಅಂತರವನ್ನು ಅಳೆಯುವುದಕ್ಕೆ ಗಣಿತವನ್ನು ಕರೆಯೋಣ; ಮನುಷ್ಯನ ಬೆಲೆಯನ್ನು ಕಟ್ಟುವುದಕ್ಕೆ ಅದರ ಚಿಹ್ನೆಯನ್ನು ಎರವಲು ತಾರದಿರೋಣ.