ಓಹಿಯೊ ನಾಯಕತ್ವ ಅಧ್ಯಯನಗಳು

ಮೇಲಧಿಕಾರಿಯ ನಡವಳಿಕೆಯು ಕೈಕೆಳಗಿನವರ ಕೆಲಸದ ಮೇಲೆ ಬೀರುವ ಪರಿಣಾಮವನ್ನು ತಿಳಿಯಲು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1945ರಲ್ಲಿ ಆರಂಭವಾದ ಸಂಶೋಧನಾ ಸರಣಿ. ನಾಯಕನ ಹುಟ್ಟುಗುಣಗಳನ್ನು ಹುಡುಕುವ ಹಿಂದಿನ ಪದ್ಧತಿಯನ್ನು ಬಿಟ್ಟು, ಆತನ ವರ್ತನೆಯನ್ನೇ ಪ್ರಶ್ನಾವಳಿಗಳ ಮೂಲಕ ಅಳೆದ ಸಂಶೋಧಕರು ಅದರಲ್ಲಿ ಎರಡು ಮುಖ್ಯ ಆಯಾಮಗಳನ್ನು ಗುರುತಿಸಿದರು: ಕೆಲಸ ಹಂಚಿ, ವಿಧಾನವನ್ನೂ ಗಡುವನ್ನೂ ಗೊತ್ತುಪಡಿಸುವ ‘ಕಾರ್ಯವಿನ್ಯಾಸ’ ಒಂದು, ನೌಕರರ ಅಭಿಪ್ರಾಯಕ್ಕೆ ಬೆಲೆಕೊಟ್ಟು ಅವರೊಡನೆ ವಿಶ್ವಾಸದಿಂದ ವರ್ತಿಸುವ ‘ಪರಿಗಣನೆ’ ಇನ್ನೊಂದು. ಇವು ಪರಸ್ಪರ ವಿರುದ್ಧವಲ್ಲವಾದ್ದರಿಂದ ಒಬ್ಬನಲ್ಲಿಯೇ ಎರಡೂ ಹೆಚ್ಚಾಗಿರಬಹುದು.

ಎಡ್ವಿನ್ ಫ್ಲೈಶ್‌ಮನ್ ಮತ್ತು ಎಡ್ವಿನ್ ಹ್ಯಾರಿಸ್ 1962ರಲ್ಲಿ ಪ್ರಕಟಿಸಿದ, ಟ್ರಕ್ ತಯಾರಿಕಾ ಕಾರ್ಖಾನೆಯೊಂದರ 57 ಫೋರ್‌ಮನ್‌ಗಳನ್ನು (ಕಾರ್ಮಿಕರ ಮೇಲ್ವಿಚಾರಕರನ್ನು) ಕುರಿತ ಅಧ್ಯಯನದಲ್ಲಿ, ಪರಿಗಣನೆ ತೀರ ಕಡಿಮೆಯಿದ್ದ ಕಡೆ ಕಾರ್ಮಿಕರ ಲಿಖಿತ ದೂರುಗಳೂ ಕೆಲಸ ಬಿಡುವವರ ಪ್ರಮಾಣವೂ ಹೆಚ್ಚಾಗಿದ್ದವು. ಪರಿಗಣನೆ ಹೆಚ್ಚಿದ್ದವರ ವಿಭಾಗಗಳಲ್ಲಾದರೋ ಕಾರ್ಯವಿನ್ಯಾಸ ಬಿಗಿಯಾಗಿದ್ದರೂ ದೂರುಗಳು ಅಷ್ಟಾಗಿ ಏರಿರಲಿಲ್ಲ. ಆದರೆ ಒಂದು ಮಟ್ಟದ ಆಚೆಗೆ ಪರಿಗಣನೆ ಹೆಚ್ಚಿದ ಮಾತ್ರಕ್ಕೆ ದೂರುಗಳು ಮತ್ತಷ್ಟು ಇಳಿಯಲಿಲ್ಲ. ನಾಯಕತ್ವದ ತರಬೇತಿ ಪಡೆದ ಫೋರ್‌ಮನ್‌ನ ವರ್ತನೆಯನ್ನು ಕಾರ್ಖಾನೆಯಲ್ಲಿ ಆತನ ಸ್ವಂತ ಮೇಲಧಿಕಾರಿಯ ರೀತಿನೀತಿಯೇ ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದನ್ನೂ ಫ್ಲೈಶ್‌ಮನ್ ತೋರಿಸಿದರು.

ಅನೇಕ ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕುವ ಮಹಾವಿಶ್ಲೇಷಣೆಯೊಂದು 2004ರಲ್ಲಿ ಪ್ರಕಟವಾಗಿ, ಪರಿಗಣನೆಗೆ ನೌಕರರ ತೃಪ್ತಿಯೊಡನೆ ಹೆಚ್ಚಿನ ನಂಟೂ ಕಾರ್ಯವಿನ್ಯಾಸಕ್ಕೆ ಗುಂಪಿನ ಕಾರ್ಯಸಾಧನೆಯೊಡನೆ ತುಸು ಹೆಚ್ಚಿನ ನಂಟೂ ಇದೆಯೆಂದು ಕಂಡುಕೊಂಡಿತು.