ಕಾಗದದ ಸುರುಳಿಯೊಳಗಿನ ಚರಿತ್ರೆ

ಕೆಲವು ವರ್ಷಗಳ ಹಿಂದೆ ಒಂದು ವಸ್ತುಪ್ರದರ್ಶನದಲ್ಲಿ ವಿದ್ಯಾರ್ಥಿನಿಯೊಬ್ಬಳು ತಾನೇ ತಯಾರಿಸಿದ ಈದ್ ಕಾರ್ಡುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದಳು. ಬಣ್ಣದ ಕಾಗದದ ಪಟ್ಟಿಗಳನ್ನು ಸುತ್ತಿ ಮಾಡಿದ ಹೂವು, ಬಳ್ಳಿ, ಬಾಲಚಂದ್ರ. ಹಿರಿಯರೊಬ್ಬರು ಒಂದು ಕಾರ್ಡನ್ನು ಕೈಗೆತ್ತಿಕೊಂಡು, "ಚೆನ್ನಾಗಿದೆಯಮ್ಮಾ, ಆದರೆ ಇದೆಲ್ಲ ಟೈಂಪಾಸ್. ಓದಿನ ಕಡೆ ಗಮನ ಕೊಡು" ಎಂದು ಹೇಳಿ ಮುಂದೆ ಹೋದರು. ಹುಡುಗಿ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಅಂದು ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ.

ಪೇಪರ್ ಕ್ವಿಲ್ಲಿಂಗ್ ಎಂಬ ಈ ಹವ್ಯಾಸಕ್ಕೆ ಬೇಕಾದದ್ದು ಕಾಗದ. ಚೀನಾದಲ್ಲಿ ಹುಟ್ಟಿದ ಕಾಗದದ ವಿದ್ಯೆ ಸಮರ್ಕಂದ್ ದಾರಿಯಾಗಿ 8ನೇ ಶತಮಾನದ ಕೊನೆಯ ಹೊತ್ತಿಗೆ ಬಗ್ದಾದ್ ತಲುಪಿತ್ತು. ಮುಂದಿನ ಶತಮಾನದಲ್ಲಿ ಅಲ್ಲಿನ ವರ್ರಾಕ್‌ಗಳ, ಅಂದರೆ ಕಾಗದ ಮತ್ತು ಪುಸ್ತಕದ ವ್ಯಾಪಾರಿಗಳ ಪೇಟೆಯಲ್ಲಿ ನೂರಕ್ಕೂ ಹೆಚ್ಚು ಅಂಗಡಿಗಳಿದ್ದುವೆಂದು ಇತಿಹಾಸಕಾರ ಯಾಕೂಬಿ ಬರೆದಿದ್ದಾನೆ. ಕಾಗದ ಅಲ್ಲಿಂದ ಉತ್ತರ ಆಫ್ರಿಕಾ ದಾಟಿ ಮುಸ್ಲಿಂ ಸ್ಪೇನಿಗೆ ಹೋಯಿತು. 12ನೇ ಶತಮಾನದಲ್ಲಿ ಭೂಗೋಳಶಾಸ್ತ್ರಜ್ಞ ಅಲ್ ಇದ್ರೀಸಿ ಅಲ್ಲಿನ ಶಾತಿಬಾ ಪಟ್ಟಣದ ಕಾಗದಕ್ಕೆ ಸಾಟಿಯಿಲ್ಲವೆಂದು ಹೊಗಳಿದ. ನಾವು ಅಂಗಡಿಯಲ್ಲಿ 'ಒಂದು ರೀಮ್ ಕೊಡಿ' ಎನ್ನುತ್ತೇವಲ್ಲ, ಆ ರೀಮ್ ಕೂಡ ಅರಬಿಯ 'ರಿಝ್ಮಾ', ಅಂದರೆ ಕಟ್ಟು. ನಮ್ಮ 'ಕಾಗದ' ಪಾರಸಿಯ 'ಕಾಗಜ್'ನಿಂದ ಬಂದದ್ದು.

ಕಾಗದ ಯುರೋಪಿನಲ್ಲಿ ಬಳಕೆಗೆ ಬಂದ ಮೇಲೆ ಅಲ್ಲಿನ ಕ್ರೈಸ್ತ ಮಠಗಳ ಸನ್ಯಾಸಿನಿಯರು ಈ ಸುರುಳಿ ಕೆಲಸಕ್ಕೆ ಕೈಹಾಕಿದರು. ಕಟಕ್‌ನ ಬೆಳ್ಳಿ ತಂತಿಯ ತಾರಕಸಿ ಕೆಲಸವನ್ನು ನೀವು ನೋಡಿರಬಹುದು. ಅಂಥದ್ದೇ ಚಿನ್ನದ ಕೆಲಸದಿಂದ ಪೂಜ್ಯ ವಸ್ತುಗಳನ್ನು ಅಲಂಕರಿಸುವಷ್ಟು ಹಣ ಬಡ ಮಠಗಳಲ್ಲಿ ಎಲ್ಲಿತ್ತು? ಚಿನ್ನದ ಅಂಚಿನ ಪುಸ್ತಕಗಳಿಂದ ಕತ್ತರಿಸಿ ಉಳಿದ ಪಟ್ಟಿಗಳನ್ನು ಹಕ್ಕಿಯ ಗರಿಯ ದಂಟಿಗೆ ಸುತ್ತಿ ಅಂಟಿಸುತ್ತಿದ್ದರಂತೆ. ಗರಿಗೆ ಇಂಗ್ಲಿಷಿನಲ್ಲಿ 'ಕ್ವಿಲ್'. ಹೆಸರು ಬಂದದ್ದು ಹಾಗೆ.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಇದು ಸಿರಿವಂತ ಮನೆಗಳ ಹೆಣ್ಣುಮಕ್ಕಳ ಹವ್ಯಾಸವಾಯಿತು. 1786ರಲ್ಲಿ ಮಹಿಳಾ ಪತ್ರಿಕೆಯೊಂದು ಇದರ ಮಾದರಿಗಳನ್ನು ಅಚ್ಚು ಹಾಕಿತು. 1791ರಲ್ಲಿ ದೊರೆ ಮೂರನೇ ಜಾರ್ಜ್‌ನ ಮಗಳು ಎಲಿಜಬೆತ್‌ಗೆ 15 ಔನ್ಸ್, ಅಂದರೆ ಸುಮಾರು 425 ಗ್ರಾಂ ಬಣ್ಣದ ಪಟ್ಟಿಗಳೂ ಒಂದು ಔನ್ಸ್ ಚಿನ್ನದ ಕಾಗದವೂ ಪೂರೈಕೆಯಾದವು. ಜೇನ್ ಆಸ್ಟಿನ್‌ಳ 1811ರ 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ' ಕಾದಂಬರಿಯಲ್ಲಿ ಇನ್ನೊಂದು ಚಿತ್ರವಿದೆ. ಅತಿಥಿಯಾಗಿ ಬಂದ ಲೂಸಿ ಎಂಬ ಹುಡುಗಿ ಮನೆಯೊಡತಿಯನ್ನು ಮೆಚ್ಚಿಸಲು ಆಕೆಯ ಮಗುವಿಗಾಗಿ ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಕುಳಿತು ಕಾಗದದ ಬುಟ್ಟಿ ಹೆಣೆಯುತ್ತಾಳೆ. ಅದನ್ನು ಟೈಂಪಾಸ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆ ಹಿರಿಯರ ಆತಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳ ಕೈಗೆ ಓದಿನ ಬದಲಿಗೆ ಕೈಕೆಲಸ ಕೊಟ್ಟ ಕಾಲವಿತ್ತು. ಆಕ್ಸ್‌ಫರ್ಡ್ ಮಹಿಳೆಯರಿಗೆ ಪದವಿ ಕೊಟ್ಟದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ. ರಾಜಕುಮಾರಿಗೂ ಆ ಬಾಗಿಲು ತೆರೆದಿರಲಿಲ್ಲ, ಸುರುಳಿ ಸುತ್ತಲು ಕಾಗದ ಮಾತ್ರ ಬೇಕಾದಷ್ಟು ಸಿಕ್ಕಿತು. ನಮ್ಮ ಹುಡುಗಿಯ ಮಾತು ಬೇರೆ. ಅವಳ ಪಠ್ಯಪುಸ್ತಕ ಅದೇ ಮೇಜಿನ ಕೆಳಗೆ ಚೀಲದಲ್ಲಿತ್ತು.

ವಿದ್ಯಾರ್ಥಿಗಳೇ, ನೀವೂ ಮಾಡಿ ನೋಡಿ. 3 ಮಿಲಿಮೀಟರ್ ಅಗಲದ ಪಟ್ಟಿಗಳು, ಅಂಟು, ದಪ್ಪ ಕಾರ್ಡು ಸಾಕು. ಉರಿದು ಉಳಿದ ಊದುಬತ್ತಿಯ ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಸೀಳಿ ಪಟ್ಟಿಯ ತುದಿ ಸಿಕ್ಕಿಸಿ ಸುತ್ತಿ. ಬಿಗಿಯಾದ ಸುರುಳಿಯನ್ನು ಸ್ವಲ್ಪ ಸಡಿಲ ಬಿಟ್ಟು ಕೊನೆಯನ್ನು ಅಂಟಿಸಿ. ಒಂದು ಕಡೆ ಚಿವುಟಿದರೆ ಹನಿಯ ಆಕಾರ, ಎರಡು ಕಡೆ ಚಿವುಟಿದರೆ ಎಲೆ. ಎಲೆಯನ್ನು ಬಾಗಿಸಿದರೆ ಈದ್‌ನ ಚಂದ್ರ. ಆದರೆ ಕಾರ್ಡನ್ನು ಬರೀ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬೇಡಿ, ಮುದ್ರೆ ಒತ್ತುವಾಗ ಸುರುಳಿಗಳು ಅಪ್ಪಚ್ಚಿಯಾಗುತ್ತವೆ. ನಮಾಝ್ ಮುಗಿಸಿ ಬರುವಾಗ ಕೈಯಲ್ಲೇ ಕೊಡಿ.