ಕ್ಯಾನ್‌ಬೆರಾದ ಹಂಚಿಕೊಂಡ ಕೋಣೆ

ಚರ್ಮದ ಕಸಿಯನ್ನು ಒಪ್ಪಬೇಕೋ ತಿರಸ್ಕರಿಸಬೇಕೋ ಎಂದು ನಿರ್ಧರಿಸುವ ವಂಶವಾಹಿಗಳ ಸುಳಿವು 1930ರ ದಶಕದಲ್ಲೇ ಲಂಡನ್ನಿನ ಪೀಟರ್ ಗೋರರ್ ಅವರಿಗೆ ಇಲಿಗಳಲ್ಲಿ ಸಿಕ್ಕಿತ್ತು. ಅಮೆರಿಕದ ಜಾರ್ಜ್ ಸ್ನೆಲ್ ಅದನ್ನು ಬೆಳೆಸಿದರು. ಆದರೆ ಕಾಡಿನಲ್ಲಾಗಲಿ ಊರಿನಲ್ಲಾಗಲಿ ಒಂದು ಪ್ರಾಣಿಯ ಚರ್ಮವನ್ನು ಇನ್ನೊಂದಕ್ಕೆ ಹೊಲಿಯುವವರು ಯಾರು? ಎಂದೂ ನಡೆಯದ ಕಸಿಗಾಗಿ ದೇಹ ಇಷ್ಟೊಂದು ವಂಶವಾಹಿಗಳನ್ನು ಏಕೆ ಕಾಪಾಡಿಕೊಂಡು ಬಂದಿದೆ? ಈ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಕಸಿಯ ತಜ್ಞರಿಂದಲ್ಲ.

1973ರಲ್ಲಿ ಸ್ವಿಟ್ಜರ್ಲೆಂಡಿನ ತರುಣ ವೈದ್ಯ ರಾಲ್ಫ್ ಜಿಂಕರ್‌ನಾಗೆಲ್ ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಬಂದರು. ಜಾನ್ ಕರ್ಟಿನ್ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಆಗ ಜಾಗದ ಅಭಾವ. ಪೀಟರ್ ಡೊಹರ್ಟಿ ಎಂಬ ಪಶುವೈದ್ಯರ ಪ್ರಯೋಗಾಲಯದಲ್ಲೇ ಅವರಿಗೂ ಎಡೆ ಸಿಕ್ಕಿತು. ಡೊಹರ್ಟಿ ವೈರಸ್ ತಗುಲಿದ ಇಲಿಗಳ ಮೆದುಳಿನ ಉರಿಯೂತವನ್ನು ಬಲ್ಲವರು. ದೇಹದ ರಕ್ಷಣಾ ವ್ಯವಸ್ಥೆಗೆ ಸೇರಿದ ಟಿ ಕೋಶಗಳು ಬೇರೆ ಕೋಶಗಳನ್ನು ಕೊಲ್ಲುವುದನ್ನು ಅಳೆಯುವ ವಿಧಾನವನ್ನು ಜಿಂಕರ್‌ನಾಗೆಲ್ ಕಲಿತು ಬಂದಿದ್ದರು. ಒಂದೇ ಕೋಣೆಯಲ್ಲಿದ್ದುದರಿಂದ ಎರಡು ಕಸುಬುಗಳು ಕೂಡಿದವು.

ಪ್ರಯೋಗ ಸರಳ. ವಿಕಿರಣಶೀಲ ಕ್ರೋಮಿಯಂ ತುಂಬಿದ ಸೋಂಕಿತ ಕೋಶಗಳ ಜೊತೆ, ಅದೇ ವೈರಸ್ ತಗುಲಿದ್ದ ಇಲಿಯ ಟಿ ಕೋಶಗಳನ್ನು ಬಿಡುವುದು. ಕೋಶ ಸತ್ತರೆ ಕ್ರೋಮಿಯಂ ಹೊರಗೆ ಸೋರುತ್ತದೆ. ಸೋರಿದ್ದನ್ನು ಅಳೆದರೆ ಎಷ್ಟು ಸತ್ತವೆಂದು ತಿಳಿಯುತ್ತದೆ. ಎರಡರ ಕಸಿ-ವಂಶವಾಹಿಗಳು ಹೊಂದಿದಾಗ ಟಿ ಕೋಶಗಳು ಸೋಂಕಿತ ಕೋಶಗಳನ್ನು ಮುಗಿಸಿದವು. ಹೊಂದದ ತಳಿಯ ಕೋಶಗಳನ್ನು, ಒಳಗೆ ಅದೇ ವೈರಸ್ ಇದ್ದರೂ, ಮುಟ್ಟಲಿಲ್ಲ. ಅಂದರೆ ಟಿ ಕೋಶಕ್ಕೆ ವೈರಸ್ಸಿನ ಗುರುತೊಂದೇ ಸಾಲದು, ಅದನ್ನು ಆ ಕಸಿ-ವಂಶವಾಹಿಗಳು ರೂಪಿಸುವ ತನ್ನ ದೇಹದ ಪ್ರೋಟೀನಿನ ಜೊತೆಗೇ ಕಾಣಬೇಕು. ಕಸಿಯನ್ನು ತಿರಸ್ಕರಿಸುವುದು ಆ ವಂಶವಾಹಿಗಳ ಅಸಲಿ ಕೆಲಸವೇ ಆಗಿರಲಿಲ್ಲ! 1974ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದಲ್ಲಿ ಇಷ್ಟು ಕಡಿಮೆ ಸಲಕರಣೆಯಿಂದ ಇಷ್ಟು ದೂರ ನಡೆಸಿದ ಪ್ರಯೋಗಗಳು ವಿರಳ.

ಹೊಸ ಜಗಳ ಆಗಲೇ ಹುಟ್ಟಿತು. ಟಿ ಕೋಶದ ಮೇಲೆ ವೈರಸ್ಸಿಗೊಂದು, ಸ್ವಂತ ಪ್ರೋಟೀನಿಗೊಂದು ಎಂದು ಗುರುತು ಹಿಡಿಯುವ ಎರಡು ಗ್ರಾಹಕಗಳಿವೆಯೋ, ಎರಡನ್ನೂ ಸೇರಿಸಿ ಓದುವ ಒಂದೇ ಗ್ರಾಹಕವೋ? ಕ್ಯಾನ್‌ಬೆರಾದ ಜೋಡಿ ಎರಡು ಸಾಧ್ಯತೆಗಳನ್ನೂ ಮುಂದಿಟ್ಟಿತ್ತು. 1984ರಲ್ಲಿ ಮಾರ್ಕ್ ಡೇವಿಸ್ ಮತ್ತು ಟಾಕ್ ಮಾಕ್ ಅವರ ತಂಡಗಳು ಗ್ರಾಹಕದ ವಂಶವಾಹಿಯನ್ನು ಹಿಡಿದವು. 1987ರಲ್ಲಿ ಹಾರ್ವರ್ಡ್‌ನಲ್ಲಿ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಂಗಡಿಗರು ಮನುಷ್ಯರ ಕಸಿ-ಪ್ರೋಟೀನೊಂದರ ರಚನೆಯನ್ನು ಬಿಡಿಸಿದಾಗ, ಅದರ ನೆತ್ತಿಯಲ್ಲಿ ಉದ್ದನೆಯ ತೋಡು ಕಂಡಿತು. ತೋಡು ಬರಿದಾಗಿರಲಿಲ್ಲ, ಆ ಪ್ರೋಟೀನಿಗೆ ಸೇರದ ಏನೋ ಒಂದು ಅಲ್ಲಿ ಕೂತಿತ್ತು. ಸಾಮಾನ್ಯವಾಗಿ ಎಂಟರಿಂದ ಹತ್ತು ಅಮೈನೋ ಆಮ್ಲಗಳ ಪ್ರತಿಜನಕದ, ಅಂದರೆ ಟಿ ಕೋಶ ಗುರುತಿಸುವ ವಸ್ತುವಿನ, ತುಣುಕು ಕೂರುವ ಜಾಗ ಅದೇ.

ಡೊಹರ್ಟಿ, ಜಿಂಕರ್‌ನಾಗೆಲ್ ಅವರಿಗೆ ನೊಬೆಲ್ ಬಂದದ್ದು 1996ರಲ್ಲಿ. ಅದೇ ವರ್ಷ ಗ್ರಾಹಕವೂ ಅದರ ಗುರಿಯೂ ಒಟ್ಟಿಗಿರುವ ರಚನೆಯನ್ನು ಅಮೆರಿಕದ ಎರಡು ತಂಡಗಳು ಪ್ರಕಟಿಸಿದವು. ಒಂದೇ ಗ್ರಾಹಕ ತೋಡಿನ ಮೇಲೆ ಓರೆಯಾಗಿ ಒರಗಿ, ಪರಕೀಯ ತುಣುಕನ್ನೂ ಅದನ್ನು ಹಿಡಿದ ಸ್ವಂತ ಪ್ರೋಟೀನನ್ನೂ ಏಕಕಾಲಕ್ಕೆ ಮುಟ್ಟುತ್ತಿತ್ತು.